ಕಾರು ಓಡಿಸದವರ ಸಹಿ

ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೊಂದು ಗೂಡಿದೆ. ಅಲ್ಲಿ ವ್ಯಾಕ್ಯೂಮ್ ಕ್ಲೀನರಿನ ಹಿಂದೆ ಎರಡು ಬಿಳಿ ಫಲಕಗಳಿವೆ, ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ ಎಲ್ ಅಕ್ಷರ. ಕಾರು ಕಲಿಯುವವರು ಗಾಡಿಯ ಮುಂದೊಂದು ಹಿಂದೊಂದು ಅಂಟಿಸಿಕೊಳ್ಳುವ ಫಲಕಗಳು. ನನ್ನ ಹೆಂಡತಿ ವರ್ಷಕ್ಕೊಮ್ಮೆ ಗೂಡು ಸ್ವಚ್ಛ ಮಾಡುವಾಗ ಅವನ್ನು ಹೊರಗೆ ತೆಗೆಯುತ್ತಾಳೆ, ಒರೆಸುತ್ತಾಳೆ, ಮತ್ತೆ ಒಳಗಿಡುತ್ತಾಳೆ. ಎಸೆದುಬಿಡು ಎಂದು ಹೇಳುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ.

ಈ ದೇಶದಲ್ಲಿ ಹದಿನೇಳು ತುಂಬಿದ ಮಕ್ಕಳು ಕಾರು ಕಲಿಯಬಹುದು. ಆದರೆ ಈ ಕೆಂಪು ಎಲ್ ಕಾಣುವಂತಿರಬೇಕು, ಪಕ್ಕದಲ್ಲಿ ಲೈಸೆನ್ಸ್ ಪಡೆದು ಮೂರು ವರ್ಷವಾದ ಹಿರಿಯರೊಬ್ಬರು ಕೂತಿರಬೇಕು, ಮೋಟರ್‌ವೇ ಕಡೆಗೆ ಸುಳಿಯಬಾರದು. ಪರೀಕ್ಷೆ ಪಾಸಾದರೆ ಎಲ್ ಕಿತ್ತು ಹಾಕಬಹುದು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಇದಕ್ಕೆ ಇನ್ನೊಂದು ಬಾಲ ಸೇರಿತು. ಪಾಸಾದ ಮೇಲೂ ಮೊದಲ ಎರಡು ವರ್ಷ ಆ ಲೈಸೆನ್ಸ್ ಎರವಲು ತಂದದ್ದರ ಹಾಗೆ. ವೇಗ ಮೀರಿದರೆ ಲೈಸೆನ್ಸಿನ ಮೇಲೆ ಮೂರು ದಂಡದ ಪಾಯಿಂಟ್ ಬೀಳುತ್ತವೆ. ಹಳಬರಿಗೆ ಹನ್ನೆರಡರವರೆಗೆ ಸಲಿಗೆ ಇದೆ, ಹೊಸಬರಿಗೆ ಆರಕ್ಕೇ ಮುಗಿಯಿತು. ಆರು ತುಂಬಿದರೆ ಲೈಸೆನ್ಸ್ ರದ್ದು, ಮತ್ತೆ ಎಲ್ ಅಂಟಿಸಿಕೊಂಡು ಮೊದಲಿನಿಂದ ಶುರುಮಾಡಬೇಕು.

ಬಹಳ ಒಳ್ಳೆಯ ಕಾನೂನು ಎಂದು ನಾನು ಆಗ ಎಲ್ಲರ ಮುಂದೆ ಹೇಳುತ್ತಿದ್ದೆ. ಬೇರೆಯವರ ಮಕ್ಕಳಿಗೆ ಅದು ಬೇಕೇ ಬೇಕು ಎಂದು ನನಗೆ ಖಾತ್ರಿಯಿತ್ತು.

ನಾನು ಧಾರವಾಡದವನು. ಫೆಲ್ಥಮ್‌ನಲ್ಲಿ ವಿಮಾನದ ಸರಕು ಇಳಿಸುವ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದೆ. ಇಲ್ಲಿ ಕಾರಿನ ಪರೀಕ್ಷೆಯನ್ನು ನಾನು ಪಾಸು ಮಾಡಿದ್ದು ನಾಲ್ಕನೆಯ ಸಲ. ಮೊದಲ ಮೂರು ಸಲದ ವಿಷಯ ಹೆಂಡತಿಗೆ ಮಾತ್ರ ಗೊತ್ತು. ಹಾಗಾಗಿ ನನ್ನ ಒಬ್ಬಳೇ ಮಗಳು ಹದಿನೇಳು ತುಂಬಿದ ಮೂರೇ ತಿಂಗಳಿಗೆ, ಮೊದಲನೆಯ ಏಟಿಗೇ ಪಾಸಾಗಿ ಬಂದಾಗ ನಾನು ನೆಲದ ಮೇಲೆ ಇರಲಿಲ್ಲ. ಹೆಂಡತಿಯ ಕೈಯಲ್ಲಿ ಬೇಸನ್ ಉಂಡಿ ಮಾಡಿಸಿ, ಆ ಸಲದ ಯುಗಾದಿಗೆ ರೇನರ್ಸ್ ಲೇನ್‌ನ ಶಾಲೆಯ ಹಾಲಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದಾಗ ಡಬ್ಬಿ ಹಿಡಿದು ಸಾಲುಸಾಲಾಗಿ ಹಂಚಿದೆ. ಮಗಳು ನಾಚಿ ಕೋಟು ಇಡುವ ಕೋಣೆಯಲ್ಲಿ ಕೂತಿದ್ದಳು.

ಆ ಹಾಲಿನಲ್ಲಿಯೇ ಕುಂದಾಪುರದ ಕಡೆಯವರೊಬ್ಬರು ಸಿಕ್ಕರು. ಅಲ್ಲೇ ಹತ್ತಿರದಲ್ಲಿ ಹೋಟೆಲು ನಡೆಸುವವರು, ಮೆತ್ತಗಿನ ಮನುಷ್ಯ. ಅವರ ಮಗನ ಆರು ಪಾಯಿಂಟ್ ತುಂಬಿ ಲೈಸೆನ್ಸ್ ಹೋಗಿತ್ತು. ಅವತ್ತು ಅವರು ಎಲ್ ಅಂಟಿಸಿದ ಕಾರಿನಲ್ಲಿ ಮಗನ ಪಕ್ಕ ಕೂತು ಬಂದಿದ್ದನ್ನು ನಾನು ನೋಡಿದ್ದೆ. ಉಂಡಿ ಕೊಡುತ್ತಾ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಏನ್ರೀ, ಮಗನ್ನ ಮತ್ತೆ ಒಂದನೇ ಕ್ಲಾಸಿಗೆ ಸೇರಿಸಿದ್ರಂತೆ?" ಎಂದೆ. ಸುತ್ತಲಿದ್ದವರು ನಕ್ಕರು. ಅವರೂ ನಕ್ಕು, "ಪರ್ವಾಗಿಲ್ಲ ಮಾರಾಯ್ರೆ, ಇನ್ನೊಂಚೂರು ಕಲೀಲಿ" ಎಂದು ಉಂಡಿ ಬಾಯಿಗೆ ಹಾಕಿಕೊಂಡರು. ಅವರ ಮಗ ಆ ಕಡೆ ಮುಖ ಮಾಡಿಕೊಂಡು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

ಐದು ತಿಂಗಳಿಗೆ ನಮ್ಮ ಮಗಳಿಗೂ ಮೂರು ಪಾಯಿಂಟ್ ಬಿತ್ತು. ಶಾಲೆಯ ಗೆಳತಿಯನ್ನು ಬಿಟ್ಟು ಬರುವಾಗ ಒಂದು ಕ್ಯಾಮೆರಾ ಅವಳ ವೇಗ ಹಿಡಿದಿತ್ತು. ನಾನು ಕೂಗಾಡಿದೆ, ಅವಳು ಅತ್ತಳು, ದಂಡ ಕಟ್ಟಿದ್ದಾಯಿತು. ಯಾರಿಗೂ ಹೇಳಲಿಲ್ಲ. ಮುಂದಿನ ಯುಗಾದಿಗೆ ಅದೇ ಹಾಲಿನಲ್ಲಿ ಯಾರೋ ಮಗಳ ಡ್ರೈವಿಂಗ್ ಹೇಗಿದೆ ಎಂದು ಕೇಳಿದಾಗ, ಅವಳು ಓಡಿಸಿದರೆ ತುಂಬಿದ ಲೋಟದಲ್ಲಿನ ನೀರೂ ಅಲುಗುವುದಿಲ್ಲ ಎಂದೆ. ಹೆಂಡತಿ ನನ್ನ ಕಡೆ ಒಮ್ಮೆ ನೋಡಿ, ತಟ್ಟೆ ಹಿಡಿದು ಊಟದ ಸಾಲಿಗೆ ಹೋಗಿಬಿಟ್ಟಳು.

ಆ ಬೇಸಿಗೆಯಲ್ಲಿ ಭಾವ ಬಂದರು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ನನ್ನ ಮಗಳಿಗೆ ಸೋದರಮಾವ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಮದುವೆ ಮಾಡಿಕೊಂಡವರಲ್ಲ. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ, ಲೋಂಡಾಕ್ಕೆ, ಮೀರಜಕ್ಕೆ ಮೂವತ್ತು ವರ್ಷಕ್ಕೂ ಮಿಕ್ಕಿ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಹೋಗಿಬಂದವರು. ಗಾರ್ಡ್ ಆದವನು ಪ್ರತಿ ಸ್ಟೇಶನ್ನಿಗೆ ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು, ನಡುವೆ ನಿಂತರೆ ಯಾಕೆ ನಿಂತಿತು ಎನ್ನುವುದನ್ನೆಲ್ಲ ಬರೆದು ಸಹಿ ಹಾಕಬೇಕಂತೆ. ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು ಇನ್ನೊಂದು ಅಕ್ಷರ ಬರೆಯುವ ಹಾಗಿಲ್ಲ. ಒಮ್ಮೆ ಸ್ಟೇಶನ್ ಮಾಸ್ತರರೊಬ್ಬರು ತಮ್ಮ ಮೈಮೇಲೆ ಬರುತ್ತದೆ, ನಾಲ್ಕು ನಿಮಿಷ ಕಡಿಮೆ ಬರೆಯಿರಿ ಎಂದು ಬೇಡಿಕೊಂಡಾಗ ಭಾವ ಬರೆಯಲಿಲ್ಲ. ಆಮೇಲೆ ಆ ಸ್ಟೇಶನ್ನಿನಲ್ಲಿ ಅವರಿಗೆ ಎಷ್ಟೋ ವರ್ಷ ಕುಡಿಯಲು ನೀರು ಕೂಡ ಸಿಗಲಿಲ್ಲ ಎಂದು ಹೆಂಡತಿ ಹೇಳುತ್ತಿದ್ದಳು.

ನಿವೃತ್ತರಾದ ಮೇಲೂ ಆ ಚಾಳಿ ಹೋಗಿರಲಿಲ್ಲ. ಅಂಗಿಯ ಜೇಬಿನಲ್ಲಿ ಸಣ್ಣ ನೋಟುಪುಸ್ತಕ ಇರುತ್ತಿತ್ತು. ಮಗಳು ಅವರನ್ನು ಕಾರಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋದರೂ, ಮನೆ ಬಿಟ್ಟದ್ದು ಇಷ್ಟು ಹೊತ್ತಿಗೆ, ಮುಟ್ಟಿದ್ದು ಇಷ್ಟು ಹೊತ್ತಿಗೆ, ಓಡಿಸಿದವರು ಇಂಥವರು ಎಂದು ಬರೆದುಕೊಳ್ಳುವರು. ಅವರು ಕನ್ನಡದಲ್ಲಿ ಕೇಳುವರು, ಅವಳು ಇಂಗ್ಲಿಷಿನಲ್ಲಿ ಹೇಳುವಳು, ಇಬ್ಬರಿಗೂ ಏನೂ ತೊಡಕಾಗುತ್ತಿರಲಿಲ್ಲ. ಇಳಿಯುವಾಗ ಅವರು ಗಡಿಯಾರ ನೋಡಿ, "ರೈಟ್ ಟೈಮ್" ಎಂದರೆ ಅವಳು ಕೈ ಹಣೆಗೆ ಹಚ್ಚಿ ಸಲಾಮು ಹೊಡೆಯುವಳು. ನನ್ನ ಜೊತೆ ಅವಳು ಅಷ್ಟು ಸಲಿಗೆಯಿಂದ ಇದ್ದದ್ದು ನನಗೆ ನೆನಪಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಭಾವ ತಮ್ಮ ಒಂದು ತಪ್ಪು ಹೇಳಿಕೊಂಡರು. ಧಾರವಾಡದಲ್ಲಿ ಲೂನಾ ಓಡಿಸಲು ಲೈಸೆನ್ಸ್ ಮಾಡಿಸುವಾಗ ಏಜೆಂಟನು ಕೇಳದೆಯೇ ಕಾರಿನದನ್ನೂ ಸೇರಿಸಿ ಮಾಡಿಸಿಬಿಟ್ಟಿದ್ದನಂತೆ. ಕಾರಿನ ಸ್ಟೀರಿಂಗನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಎರಡು ಸಲ ಆಫೀಸಿಗೆ ಹೋಗಿ ಅದನ್ನು ತೆಗೆಯಿರಿ ಎಂದು ಕೇಳಿದರೂ ಅಲ್ಲಿಯವರು ನಕ್ಕು ಕಳಿಸಿದ್ದರಂತೆ. ತಮ್ಮ ಹೆಸರಿನಲ್ಲಿರುವ ಒಂದೇ ಒಂದು ಸುಳ್ಳು ಕಾಗದ ಅದು ಎಂದು ನಾಚಿಕೊಂಡು ಹೇಳಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ಮಾತನ್ನು ನಾನು ಮರೆಯಲಿಲ್ಲ.

ಅವರು ಹೊರಡಲು ನಾಲ್ಕು ದಿನ ಉಳಿದಿದ್ದಾಗ, ಮಗಳು ಅವರನ್ನು ಸಾಮಾನು ಕೊಡಿಸಲು ಕರೆದುಕೊಂಡು ಹೋಗಿದ್ದಳು. ನನಗೆ ಎರಡು ಗಂಟೆಗೆ ಪಾಳಿ. ಬಸ್ಸಿನಲ್ಲಿ ಹೋಗಬಹುದಿತ್ತು, ಆದರೆ ಕಾರು ಇರುವಾಗ ಬಸ್ಸೇಕೆ ಎಂಬ ಹಟ. ಹನ್ನೆರಡೂವರೆ ದಾಟುತ್ತಲೇ ಅವಳ ಮೊಬೈಲಿಗೆ ಫೋನು ಮಾಡಿದೆ. ಅವಳು ಓಡಿಸುತ್ತಿದ್ದುದರಿಂದ ಎತ್ತಿದ್ದು ಭಾವ. ಲಗೂ ಬರಲು ಹೇಳಿ, ನನಗೆ ತಡವಾಗುತ್ತಿದೆ ಎಂದು ಸಿಡುಕಿದೆ. ಅವರು ಹಾಗೆಯೇ ಅವಳಿಗೆ ಹೇಳಿದರು. ಅವಳು ಆಕ್ಸಿಲರೇಟರ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಹಿಂದುಗಡೆ ಬೆಳಕು ಹೊಳೆಯಿತಂತೆ. ಬಿಸಿಲಿನಲ್ಲಿ ಇದೆಂಥ ಮಿಂಚು ಎಂದು ಭಾವ ಕೇಳಿದ್ದಕ್ಕೆ ಅವಳು ಉತ್ತರ ಕೊಡಲಿಲ್ಲ. ಮನೆಗೆ ಬಂದು ನನಗೂ ಹೇಳಲಿಲ್ಲ. ಪಾಳಿಗೆ ನಾನು ಹತ್ತು ನಿಮಿಷ ಮುಂಚೆಯೇ ಮುಟ್ಟಿದ್ದೆ.

ಭಾವ ಊರಿಗೆ ಹೋದ ಮೇಲೆ ಕ್ಯಾಮೆರಾ ಆಫೀಸಿನಿಂದ ಕಂದು ಲಕೋಟೆ ಬಂತು. ಮೂವತ್ತು ಮೈಲಿ ವೇಗದ ರಸ್ತೆಯಲ್ಲಿ ನಿಮ್ಮ ಕಾರು ನಲವತ್ತೊಂದರಲ್ಲಿ ಹೋಗಿದೆ, ಓಡಿಸುತ್ತಿದ್ದವರು ಯಾರು, ಬರೆದು ತಿಳಿಸಿ. ಕಾರು ನನ್ನ ಹೆಸರಿನಲ್ಲಿತ್ತು, ಬರೆಯಬೇಕಾದವನು ನಾನು. ಮಗಳನ್ನು ಕೂಗಿ ಕರೆದೆ. ಅವಳು ಕಾಗದ ಓದಿ, ಮೂರಕ್ಕೆ ಮೂರು ಸೇರಿದರೆ ಎಷ್ಟೆಂದು ಗೊತ್ತಿದ್ದವಳ ಹಾಗೆ ಕುರ್ಚಿಯಲ್ಲಿ ಕೂತಳು. ಈ ಸಲ ಅಳಲಿಲ್ಲ. ಪರವಾಗಿಲ್ಲ ಪಪ್ಪಾ, ಮತ್ತೆ ಪರೀಕ್ಷೆಗೆ ಕೂರುತ್ತೇನೆ, ನನ್ನದೇ ತಪ್ಪು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟಕ್ಕೇ ಮುಗಿಯಬೇಕಾಗಿದ್ದ ವಿಷಯ ಅದು. ಹದಿನೆಂಟು ವರ್ಷದ ಹುಡುಗಿ ಸರಿಯಾದದ್ದನ್ನೇ ಹೇಳಿದ್ದಳು.

ನನ್ನ ಕಣ್ಣ ಮುಂದೆ ಇದ್ದದ್ದು ಮಗಳಲ್ಲ, ರೇನರ್ಸ್ ಲೇನ್‌ನ ಆ ಹಾಲಿನ ಬಾಗಿಲು. ಮುಂದೆ ಹಿಂದೆ ಎಲ್ ಅಂಟಿಸಿದ ನನ್ನ ಕಾರು ಅಲ್ಲಿ ಬಂದು ನಿಲ್ಲುವುದು, ಬೇಸನ್ ಉಂಡಿ ತಿಂದವರೆಲ್ಲ ನೋಡುವುದು, ಆ ಕುಂದಾಪುರದವರು ನನ್ನ ಮಾತನ್ನೇ ನನಗೆ ತಿರುಗಿಸುವುದು. ಕಾಲೇಜಿಗೆ ಹೋಗಲು ಅವಳಿಗೆ ಕಾರು ಬೇಕು, ಶನಿವಾರದ ಕೆಲಸಕ್ಕೆ ಕಾರು ಬೇಕು ಎಂದು ಬಾಯಲ್ಲಿ ಏನೇನೋ ಹೇಳಿದೆ. ಬಸ್ಸು ನಮ್ಮ ಬೀದಿಯ ತುದಿಯಲ್ಲಿಯೇ ನಿಲ್ಲುತ್ತದೆ.

ಕ್ಯಾಮೆರಾ ಹಿಂದಿನಿಂದ ಫೋಟೋ ತೆಗೆಯುತ್ತದೆ, ಓಡಿಸಿದವರ ಮುಖ ಕಾಣುವುದಿಲ್ಲ ಎಂದು ಶೆಡ್ಡಿನಲ್ಲಿ ಯಾರೋ ಹೇಳಿದ್ದು ಕೇಳಿದ್ದೆ. ಊರಿನಿಂದ ಬಂದು ಹೋದ ನೆಂಟರ ಹೆಸರು ಬರೆದರೆ ಕಾಗದ ಅಲ್ಲಿಗೆ ಹೋಗುತ್ತದೆ, ಆಮೇಲೆ ಇವರು ಬಿಟ್ಟುಬಿಡುತ್ತಾರೆ ಎಂಬುದನ್ನೂ ಕೇಳಿದ್ದೆ. ನಮ್ಮವರಲ್ಲಿ ಅದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ, ಬುದ್ಧಿವಂತಿಕೆ ಎನ್ನುತ್ತಿದ್ದರು. ಭಾವ ಆ ದಿನ ಲಂಡನ್ನಿನಲ್ಲಿದ್ದರು, ಆ ಕಾರಿನಲ್ಲಿಯೇ ಇದ್ದರು, ಅವರ ಹತ್ತಿರ ಕಾರಿನ ಲೈಸೆನ್ಸೂ ಇತ್ತು. ಊಟದ ಹೊತ್ತಿಗೆ ನಾಚಿಕೊಂಡು ಹೇಳಿದ ಮಾತು ನನಗೆ ಹೀಗೆ ಉಪಯೋಗಕ್ಕೆ ಬಂತು. ಅಣ್ಣನ ಹೆಸರು ಹಾಕಬೇಡಿರಿ ಎಂದು ಹೆಂಡತಿ ಒಂದೇ ಒಂದು ಸಲ ಹೇಳಿದಳು. ಅಣ್ಣನಿಗೆ ಏನು ಗಲ್ಲು ಶಿಕ್ಷೆ ಆಗುತ್ತದೆಯೇ ಎಂದು ನಾನು ಎಗರಿದೆ. ಮಗಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಭಾವನ ಹೆಸರು, ವಿಳಾಸ ಬರೆದು ಲಕೋಟೆ ಅಂಟಿಸಿದೆ.

ಭಾವನಿಗೆ ಫೋನು ಮಾಡಿದ್ದು ಟಪಾಲಿಗೆ ಹಾಕಿ ಬಂದ ಮೇಲೆ. ಕೇಳಿ ಮಾಡಿದ್ದಲ್ಲ, ಮಾಡಿ ಹೇಳಿದ್ದು. ವಿಷಯ ತಿಳಿಸಿ, ಒಂದು ಫಾರಮ್ಮು ಬರುತ್ತದೆ, ಸಹಿ ಮಾಡಿ ಕಳಿಸಿದರೆ ಆಯಿತು ಎಂದೆ. ಕಾಗದದಲ್ಲಿ ಎಷ್ಟು ಗಂಟೆ ಎಂದು ಬರೆದಿದ್ದಾರೆ ಎಂದು ಅವರು ಕೇಳಿದರು. ಹೇಳಿದೆ. ನೋಟುಪುಸ್ತಕ ತಂದು ಹಾಳೆ ತಿರುವುವ ಸಪ್ಪಳ ಕೇಳಿಸಿತು. ಆ ಕ್ಯಾಮೆರಾದವರ ಗಡಿಯಾರ ಒಂದು ನಿಮಿಷ ಮುಂದಿದೆ ಎಂದರು.

"ಇಲ್ಲೆ ನಾ ಬರದೀನಿರಿ, ಓಡಿಸಿದವರು ಪುಟ್ಟಿ ಅಂತ" ಎಂದರು. ಮಗಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ನಾ ಬಾಜೂಕ ಕೂತಾಂವ. ಓಡಿಸೀನಿ ಅಂತ ಹೆಂಗ ಸಹಿ ಮಾಡ್ಲಿ?"

ಹುಡುಗಿಯ ಭವಿಷ್ಯದ ಪ್ರಶ್ನೆ ಎಂದೆ ನಾನು. ಅವರು ಒಂದೇ ಮಾತು ಕೇಳಿದರು.

"ಇದು ಅಕೀಗೆ ಗೊತ್ತದ ಏನ್ರಿ?"

ಅವಳು ಬೇಡವೆಂದಿದ್ದಾಳೆ, ಇದು ನನ್ನದೇ ಕಿತಾಪತಿ ಎಂದು ಹೇಳಿದ್ದರೆ ಅವರು ಸಹಿ ಮಾಡುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. "ಗೊತ್ತದ ಭಾವ. ಅಕೀನ ಹೇಳ್ಯಾಳ, ಮಾಮಾಗ ಕೇಳು ಅಂತ. ಕೇಳಾಕ ನಾಚಿಕಿ ಅಂತ ನನ್ನ ಕಡೆ ಕೇಳಸ್ಯಾಳ."

"ಅಕಿ ಕೇಳ್ಯಾಳಂದ್ರ ಆತ ಬಿಡ್ರಿ" ಎಂದರು ಭಾವ. "ಕಾಗದ ಬರ್ಲಿ."

ನನ್ನ ಸುಳ್ಳುಗಳನ್ನೆಲ್ಲ ಒಂದು ಕಡೆ ಇಟ್ಟರೂ ಈ ಒಂದು ಸುಳ್ಳಿನಷ್ಟು ಹೊಲಸು ಇನ್ನೊಂದಿಲ್ಲ. ಸರ್ಕಾರಕ್ಕೆ ಹೇಳಿದ ಸುಳ್ಳಿಗೆ ಶಿಕ್ಷೆಯಿದೆ, ಕಾನೂನಿದೆ. ಇದಕ್ಕೆ ಏನೂ ಇಲ್ಲ. ಫೋನು ಇಟ್ಟು ಒಳಗೆ ಬಂದಾಗ, ಅಣ್ಣ ಏನೆಂದ ಎಂದು ಹೆಂಡತಿ ಕೇಳಿದಳು. ಒಪ್ಪಿದರು ಎಂದಷ್ಟೇ ಹೇಳಿ ಊಟಕ್ಕೆ ಕೂತೆ. ಊಟ ಸೇರಿತು ಕೂಡ.

ಭಾವ ಸಹಿ ಮಾಡಿದ ಫಾರಮ್ಮು ಧಾರವಾಡದಿಂದ ವಾಪಸು ಹೋಯಿತು. ಕ್ಯಾಮೆರಾ ಆಫೀಸಿನವರು ಆಮೇಲೆ ನಮಗೇನೂ ಬರೆಯಲಿಲ್ಲ. ತಿಂಗಳು ಕಳೆದ ಮೇಲೆ ನಾನು ಗೆದ್ದವನ ಹಾಗೆ ಮಗಳಿಗೆ ಹೇಳಿದೆ, ನಿನ್ನ ಲೈಸೆನ್ಸ್ ಉಳಿಯಿತು, ಮಾಮಾ ಸಹಿ ಮಾಡಿದರು. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆ ಶನಿವಾರ ಬೆಳಿಗ್ಗೆ ನಾನು ಕಸದ ಚೀಲ ಇಡಲು ಹೊರಗೆ ಬಂದರೆ ಕಾರಿನ ಮುಂದೆ ಕೆಂಪು ಎಲ್. ಹಿಂದೆ ಹೋಗಿ ನೋಡಿದರೆ ಅಲ್ಲಿಯೂ ಒಂದು.

ಕಿತ್ತು ಒಳಗೆ ತಂದು ಮೇಜಿನ ಮೇಲೆ ಒಗೆದೆ. ಅವಳು ಎತ್ತಿಕೊಂಡು ಹೋಗಿ ಮತ್ತೆ ಅಂಟಿಸಿದಳು. ಎರಡು ವರ್ಷ ಮುಗಿಯಲು ಇನ್ನೂ ಉಳಿದಿರುವ ತಿಂಗಳುಗಳನ್ನು ತಾನು ಕಲಿಯುವವಳ ಹಾಗೆಯೇ ಕಳೆಯುವುದಾಗಿ ಹೇಳಿದಳು. ಎಲ್ ಇಲ್ಲದೆ ಓಡಿಸುವುದಿಲ್ಲ, ಪಕ್ಕದಲ್ಲಿ ನಾನೋ ಅವಳ ತಾಯಿಯೋ ಇಲ್ಲದೆ ಸ್ಟೀರಿಂಗ್ ಮುಟ್ಟುವುದಿಲ್ಲ, ಮೋಟರ್‌ವೇಗೆ ಹೋಗುವುದಿಲ್ಲ. ಲೈಸೆನ್ಸ್ ಇದ್ದವರು ಹಾಗೆ ಹಾಕಿಕೊಳ್ಳುವ ಅಗತ್ಯವೇ ಇಲ್ಲ, ನಿನಗೆ ತಲೆ ಕೆಟ್ಟಿದೆಯೇ ಎಂದು ನಾನು ಕಿರುಚಿದೆ. ಅವಳ ತಾಯಿ ಒಳಗಿನಿಂದ ಕೋಟು ತೊಟ್ಟು ಬಂದು, ಬಾ ಹೋಗೂಣು ಎಂದು ಮಗಳ ಪಕ್ಕದ ಸೀಟಿನಲ್ಲಿ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ.

ದೀಪಾವಳಿಗೆ ರೇನರ್ಸ್ ಲೇನ್‌ನ ಹಾಲಿಗೆ ಹಾಗೆಯೇ ಹೋದೆವು. ಮಗಳು ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು, ಹಿಂದೆ ಹೆಂಡತಿ. ಹಾಲಿನ ಬಾಗಿಲಲ್ಲಿ ಏಳೆಂಟು ಜನ ನಿಂತಿದ್ದರು. ಯಾರಿಗೆ ಹೆದರಿ ನಾನು ಇಷ್ಟೆಲ್ಲ ಮಾಡಿದ್ದೆನೋ ಅವರೆಲ್ಲ ಅಲ್ಲಿದ್ದರು. ಕುಂದಾಪುರದವರು ಊಟದ ಪಾತ್ರೆ ಇಳಿಸಿಕೊಳ್ಳಲು ಕಾರಿನ ಹಿಂದೆ ಬಂದರು. ಈಗ ಬರುತ್ತದೆ ಮಾತು ಎಂದು ನಾನು ಹಲ್ಲು ಕಚ್ಚಿ ನಿಂತೆ. ಅವರು ಎಲ್ ಫಲಕವನ್ನು ನೋಡಿದರು. ಚಳಿಗೆ ಅದರ ಒಂದು ಮೂಲೆ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡು ವರ್ಷ ಮುಗಿದ ದಿನ ಮಗಳು ಫಲಕಗಳನ್ನು ತೆಗೆದು, ತೊಳೆದು, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟಳು.

ಆದರೆ ಭಾನುವಾರದ ಫೋನುಗಳು ಮೊದಲಿನ ಹಾಗಾಗಲಿಲ್ಲ. ಹೆಂಡತಿ ಅಣ್ಣನ ಜೊತೆ ಮಾತಾಡಿ ಮಗಳನ್ನು ಕರೆದರೆ, ಓದುವುದಿದೆ, ಸ್ನಾನಕ್ಕೆ ಹೋಗುತ್ತಿದ್ದೇನೆ ಎಂದು ಏನಾದರೊಂದು ಹೇಳುವಳು. ತನ್ನ ಸಲುವಾಗಿ ಮಾಮಾ ಸುಳ್ಳು ಬರೆಯಬೇಕಾಯಿತೆಂದು ಅವಳಿಗೆ ಅವರ ಎದುರು ಬಾಯಿ ಬರುತ್ತಿರಲಿಲ್ಲ. ಆ ಕಡೆ ಭಾವ ಅದನ್ನು ಇನ್ನೊಂದು ರೀತಿ ತಿಳಿದುಕೊಂಡಿರಬೇಕು. ಸುಳ್ಳು ಸಹಿ ಬೇಡಿ ಪಡೆದವಳು, ಕೆಲಸವಾದ ಮೇಲೆ ಫೋನಿಗೂ ಬಾರದವಳು. ಮೊದಮೊದಲು ಪುಟ್ಟಿ ಎಲ್ಲಿ ಎಂದು ಕೇಳುತ್ತಿದ್ದವರು ಬರುಬರುತ್ತಾ ಕೇಳುವುದನ್ನು ಬಿಟ್ಟರು. ಇವರಿಬ್ಬರಿಗೆ ಏನಾಗಿದೆಯೋ ಎಂದು ಹೆಂಡತಿ ಎಷ್ಟೋ ಸಲ ನನ್ನ ಹತ್ತಿರ ಅಂದಳು. ಏನಾಗಿದೆ ಎಂದು ಬಲ್ಲವನು ಮನೆಯಲ್ಲಿ ನಾನೊಬ್ಬನೇ. ಒಂದು ಫೋನಿನಲ್ಲಿ ಸರಿಯಾಗುವುದನ್ನು ಏಳು ವರ್ಷ ಹಾಗೆಯೇ ಬಿಟ್ಟೆ.

ಮಗಳ ಮದುವೆ ಗೊತ್ತಾಯಿತು. ಜೊತೆಗೆ ಓದಿದ ಹುಡುಗ, ಹ್ಯಾರೋದ ಒಂದು ಹಾಲಿನಲ್ಲಿ ನಮ್ಮ ಕಡೆಯ ಪದ್ಧತಿಯಂತೆ ಮದುವೆ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಅಷ್ಟು ವರ್ಷದ ಮೇಲೆ ಮಗಳು ತಾನೇ ಧಾರವಾಡಕ್ಕೆ ಫೋನು ಹಚ್ಚಿದಳು. ತಾಯಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದೆ.

ಭಾವ ಬಹಳ ಸಂತೋಷಪಟ್ಟರು. ಹುಡುಗನ ಬಗ್ಗೆ ಕೇಳಿದರು, ಸೀರೆಯ ಬಗ್ಗೆ ಕೇಳಿದರು. ಬರುವುದು ಮಾತ್ರ ತಮ್ಮಿಂದ ಆಗುವುದಿಲ್ಲ ಎಂದರು. ವೀಸಾದ ಅರ್ಜಿ ತರಿಸಿಕೊಂಡು ಎಲ್ಲ ತುಂಬಿದ್ದರಂತೆ, ಒಂದು ಪ್ರಶ್ನೆಯ ಹತ್ತಿರ ಬಂದು ನಿಂತುಬಿಟ್ಟರಂತೆ. ಯಾವ ದೇಶದಲ್ಲಾದರೂ ಏನಾದರೂ ಅಪರಾಧ ಮಾಡಿದ್ದೀರಾ, ವಾಹನ ಓಡಿಸುವಾಗಿನ ತಪ್ಪುಗಳನ್ನೂ ಸೇರಿಸಿ ಬರೆಯಿರಿ ಎಂದು ಅದರಲ್ಲಿತ್ತು.

"ಹೌದು ಅಂತ ಬರದ್ರ ಸುಳ್ಳವ್ವಾ, ನಾ ಓಡಿಸಿಲ್ಲ" ಎಂದರು. "ಇಲ್ಲ ಅಂತ ಬರದ್ರ, ಅಲ್ಲೆ ನನ್ನ ಸಹಿ ಕೂತದ. ಎರಡೂ ಸುಳ್ಳ ಆಗ್ತದ. ಖರೇ ಬರಿಲಿಕ್ಕೆ ಅದರಾಗ ಜಾಗಾನ ಇಲ್ಲ."

ಅದೆಲ್ಲ ಯಾರೂ ನೋಡುವುದಿಲ್ಲ, ಇಲ್ಲ ಎಂದು ಬರೆದು ಹಾಕು ಎಂದು ಹೆಂಡತಿ ಅಳುದನಿಯಲ್ಲಿ ಹೇಳಿದಳು. ಭಾವ ಮಗಳನ್ನು ಸಮಾಧಾನ ಮಾಡುವವರಂತೆ ಅಂದರು, "ನೀ ಮನಸಿಗೆ ಹಚಗೋಬ್ಯಾಡ ಪುಟ್ಟಿ. ನೀ ಅವತ್ತ ಕೇಳಿದಿ, ನಾ ಮಾಡಿದೆ. ಹುಡುಗರು ಕೇಳ್ತಾವ. ನನಗ ಅದರಾಗ ಸಿಟ್ಟಿಲ್ಲ."

ಮಗಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಕಪ್ಪಿನೊಳಗೆ ನೋಡಿದೆ. ನಾನು ಕೇಳಿಲ್ಲ ಎಂದು ಅವಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನನ್ನ ಮರ್ಯಾದೆ ಹೆಂಡತಿಯ ಎದುರು, ಅವಳ ಅಣ್ಣನ ಎದುರು ಮಣ್ಣುಪಾಲಾಗುತ್ತಿತ್ತು. ಅವಳು ಹೇಳಲಿಲ್ಲ. "ಸಾರಿ ಮಾಮಾ" ಎಂದಳು. ಏಳು ವರ್ಷ ನನ್ನ ಸುಳ್ಳನ್ನು ತಿಳಿಯದೆ ಹೊತ್ತವಳು, ತಿಳಿದ ಮೇಲೂ ಹೊತ್ತುಕೊಂಡಳು.

ಫೋನು ಇಟ್ಟು, ನನ್ನ ಪಕ್ಕದಿಂದ ಹಾದು ಹೋಗುವಾಗ, ಮಾಮಾಗೆ ನೀವೇ ಹೇಳಿ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಅಂದಳು.

ಮೂರು ದಿನ ತೆಗೆದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಭಾವನಿಗೆ ಫೋನು ಮಾಡಿ ಹೇಳಿದೆ. ಅವಳು ಕೇಳಿರಲಿಲ್ಲ, ಬೇಡವೆಂದಿದ್ದಳು, ಮತ್ತೆ ಪರೀಕ್ಷೆಗೆ ಕೂರುತ್ತೇನೆ ಎಂದಿದ್ದಳು, ನಾನು ಸುಳ್ಳು ಹೇಳಿದೆ. ಎಲ್ ಅಂಟಿಸಿಕೊಂಡು ಓಡಿಸಿದ್ದನ್ನೂ ಹೇಳಿದೆ.

"ಈಗ ಅಲ್ಲೆ ಎಷ್ಟ ಗಂಟೆರಿ?" ಎಂದು ಭಾವ ಕೇಳಿದರು.

ಎರಡು ಗಂಟೆ ಹತ್ತು ನಿಮಿಷ ಎಂದೆ. ಅವರು ಬರೆದುಕೊಳ್ಳುತ್ತಿರುವುದು ನನಗೆ ಗೊತ್ತಾಯಿತು. ಬರೆದು ಮುಗಿಸಿ, "ಆತು, ಇಡ್ರಿ" ಎಂದರು. ನಾನೇ ಫೋನು ಇಡಬೇಕಾಯಿತು, ಅವರು ಮೊದಲು ಇಡಲಿಲ್ಲ. ಆ ವಾರವೇ ಅವರು ಮಗಳಿಗೆ ಫೋನು ಮಾಡಿ ಒಂದು ತಾಸು ಮಾತಾಡಿದರಂತೆ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ವೀಸಾದ ಆ ಅರ್ಜಿಯನ್ನು ಮಾತ್ರ ಅವರು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ನನ್ನ ತಪ್ಪೊಪ್ಪಿಗೆಯಿಂದ ಆ ಪ್ರಶ್ನೆಯ ಕೆಳಗೆ ಹೊಸ ಜಾಗವೇನೂ ಬರಲಿಲ್ಲವಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕೊನೆಗಾದರೂ ಮನುಷ್ಯನಾದೆ ಎಂದು ಓದಿದವರು ಅಂದುಕೊಳ್ಳಬಹುದು. ನನಗೂ ಹಾಗೆ ನಿಲ್ಲಿಸುವ ಆಸೆಯಿದೆ.

ಮದುವೆಯ ದಿನ ಹಾಲಿನ ತುಂಬ ಜನ. ರೇನರ್ಸ್ ಲೇನ್‌ನವರೆಲ್ಲ ಬಂದಿದ್ದರು. ಊಟದ ವ್ಯವಸ್ಥೆ ಕುಂದಾಪುರದವರದ್ದೇ. ನಾನು ಮಣೆಯ ಮೇಲೆ ಕೂತಿದ್ದೆ. ಅಂತರಪಟ ಹಿಡಿದದ್ದಾಯಿತು. ಮಗಳು ಬಾಗಿಲ ಹತ್ತಿರ ಗೆಳತಿಯರ ನಡುವೆ ನಿಂತಿದ್ದಳು. ಸೋದರಮಾವ ಎಲ್ಲಿ, ಹುಡುಗಿಯನ್ನು ಕರೆದುಕೊಂಡು ಬರಲಿ ಎಂದು ಪುರೋಹಿತರು ಮೈಕಿನಲ್ಲಿ ಕೂಗಿದರು. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಬಂದಿಲ್ಲ ಎಂದೆ. ಯಾಕೆ ಬರಲಿಲ್ಲ ಎಂದು ಪುರೋಹಿತರು ಸಹಜವಾಗಿ ಕೇಳಿದರು, ಅದೇ ಮೈಕಿನಲ್ಲಿ.

ಎಂಥ ಅವಕಾಶ ಅದು. ನನ್ನಿಂದಾಗಿ ಬರಲಿಲ್ಲ ಎಂದು ಒಂದು ಮಾತು ಸಾಕಿತ್ತು. ಅದೇ ಜನ, ಅದೇ ಮುಖಗಳು. ನಾನು ಬಾಯಿ ತೆರೆದೆ.

"ವೀಸಾ ಸಿಗಲಿಲ್ಲ" ಎಂದೆ.

ಅಯ್ಯೋ ಪಾಪ ಎಂದು ಹಾಲಿನ ತುಂಬ ಗುಜುಗುಜು ಎದ್ದಿತು. ವೀಸಾ ಆಫೀಸಿನವರಿಗೆ ಯಾರೋ ಶಾಪ ಹಾಕಿದರು. ಹಾಗಾದರೆ ಮಾವನ ಸಮಾನರು ಯಾರಾದರೂ ಬನ್ನಿ ಎಂದು ಪುರೋಹಿತರು ಕರೆಯುತ್ತಿದ್ದಂತೆ, ಮಗಳು ಗೆಳತಿಯರ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ನನ್ನ ಮನೆಯಲ್ಲಿ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲಿಯೇ ಉತ್ತರ ಕೊಟ್ಟ ಹುಡುಗಿ, ತನ್ನ ಮಾಮಾನ ಮಾತಿನಲ್ಲಿ, ಗಟ್ಟಿಯಾಗಿ ಹೇಳಿದಳು.

"ನಮ್ಮ ಮಾಮಾ ವೀಸಾ ಕೇಳೇ ಇಲ್ರಿ."

ಪುರೋಹಿತರಿಗೆ ಅರ್ಥವಾಗಲಿಲ್ಲ, ಹೆಚ್ಚಿನವರಿಗೂ ಆಗಲಿಲ್ಲ. ಕೆಲವರು ನಕ್ಕರು. ಮಣೆಯ ಮೇಲೆ ನನ್ನ ಪಕ್ಕ ಕೂತಿದ್ದ ಹೆಂಡತಿ ಮಾತ್ರ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮಗಳು ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಯಾರ ಕೈಯನ್ನೂ ಹಿಡಿಯದೆ, ಅಷ್ಟೂ ಜನರ ನಡುವೆ ಒಬ್ಬಳೇ ನಡೆದುಕೊಂಡು ಮಂಟಪಕ್ಕೆ ಬಂದಳು. ನಾನು ಅಕ್ಷತೆಯ ತಟ್ಟೆಯನ್ನು ನೋಡುತ್ತಾ ಕೂತಿದ್ದೆ.